ನೀತಿ ಶಾಲೆಯ ವಿಲೇವಾರಿ

೬ ಜನವರಿ ೨೦೨೫

ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿ ಇದು. ನನ್ನ ಹೆಂಡ್ತಿ ಶೇವಂತಾ ಇದನ್ನ ಅಡಿಗಿ ಕಟ್ಟಿ ಮ್ಯಾಲ ಬಿಸಿ ಪಾತೇಲಿ ಇಡಾಕ ತಗೊಂಡಿದ್ಲು. ಕಸಗೊಂಡೆ. ಯಾಕಂದ್ರ ಇವತ್ತಿನಿಂದ ನಾ ಇತಿಹಾಸದ ಮನುಷ್ಯಾ ಆಗೀನಿ.

ಮುಂಜಾನಿ ಧೀರೇಂದ್ರ ಸರ್ ಫೋನ್ ಮಾಡಿದ್ರು. ನಮ್ಮ ಬೆಣ್ಣೆತೊರಾ ವಿಶ್ವವಿದ್ಯಾಲಯದ ಸಾರ್ವಜನಿಕ ನೀತಿ ಸ್ನಾತಕೋತ್ತರ ಶಾಲೆಗೆ ಈಗ ಅವರೇ ಮುಖ್ಯಸ್ಥರು. "ಅಂಬಣ್ಣ, ಶಾಲೆಯ ಇತಿಹಾಸ ಬರೀಬೇಕಾಗ್ಯದ. ಮೊದಲ ದಿನದಿಂದ ಇದ್ದವ ನೀ ಒಬ್ಬನೇ ಉಳದಿ. ಒಂದು ಸಲ ಬಂದು ಹೋಗು" ಅಂದ್ರು.

ಒಬ್ಬನೇ ಉಳದೀನಿ! ಇದನ್ನ ಶೇವಂತಾಗ ಮೂರು ಸಲ ಹೇಳಿದೆ. ಮೂರನೇ ಸಲ ಆಕಿ "ಉಳದವರು ಒಂದು ಕೊಡ ನೀರು ತರ್ರಿ" ಅಂದ್ಲು.

ನಾ ಕಮಲಾಪುರದ ಸಾಲ್ಯಾಗ ಏಳನೇ ಇಯತ್ತೆ ಪಾಸಾದವ. ಆದ್ರ ಇಪ್ಪತ್ಮೂರು ವರ್ಷ ಆ ಶಾಲೆಯ ಕೀಲಿ ನನ್ನ ಉಡದಾರಕ್ಕ ಇತ್ತು. ಎಂ.ಎ. ಮಾಡಿದವರು, ಪಿಎಚ್‌ಡಿ ಮಾಡಿದವರು, ತಹಸೀಲ್ದಾರ ಆದವರು, ಎಲ್ಲಾರೂ ನಾ ಕೀಲಿ ತೆಗೆದ ಮ್ಯಾಲೇ ಒಳಗ ಹೋದವರು. ನಾ ತೆಗೀಲಿಲ್ಲಂದ್ರ ಒಬ್ಬರಾದ್ರೂ ಶಾಣ್ಯಾ ಆಗ್ತಿದ್ರಾ?

ಈ ಡೈರಿ ಬರೆಯೋದೂ ಆ ಶಾಲೆಯ ಖುರ್ಚಿ ಮ್ಯಾಲ ಕುಂತು. ಮೊದಲ ವರ್ಷದ ಹನ್ನೆರಡು ಸಾಗವಾನಿ ಖುರ್ಚಿಯೊಳಗ ಇದು ಒಂದು. ಶಾಲೆ ಕಟ್ಟಿದ ಬಂಡೂರಾವ್ ಸರ್ ನಿವೃತ್ತರಾಗುವಾಗ "ಅಂಬಣ್ಣ, ಇದು ನಿನ್ನ ಗೌರವ" ಅಂತ ಕೈಯಾರೆ ಕೊಟ್ಟದ್ದು. ಮನಿಗೆ ಬಂದವರಿಗೆಲ್ಲ ಇದನ್ನ ತೋರಸ್ತೀನಿ. ಕೂಡ್ರಾಕ ಬಿಡಂಗಿಲ್ಲ.

ಇತಿ, ಅಂಬಣ್ಣ, ಸಂಸ್ಥಾಪಕ ಸದಸ್ಯ.

೯ ಜನವರಿ

ಇಸ್ತ್ರಿ ಅಂಗಿ ಹಾಕ್ಕೊಂಡು ಹೋದೆ. ಗೇಟಿನ ಹೊಸ ವಾಚ್‌ಮನ್ "ಯಾರ್ರೀ?" ಅಂದ. "ನೀತಿ ಶಾಲೆಯ ಸಂಸ್ಥಾಪಕರು" ಅಂದೆ. ಸಲಾಮ್ ಹೊಡದ. ಅವನ ತಪ್ಪಲ್ಲ, ನನ್ನ ಮಾರಿನೇ ಹಂಗ ಅದ.

ಒಳಗ ಹೋದ ಮ್ಯಾಲ ಗೊತ್ತಾಯ್ತು, ಇದು ಹಾರ ಹಾಕೋ ಇತಿಹಾಸ ಅಲ್ಲ. ಹುಡುಗರು ಕಡಿಮಿ ಇರೋ ವಿಭಾಗ ಮುಚ್ಚಾಕ ಯುನಿವರ್ಸಿಟಿಯವರು ಸಮಿತಿ ಮಾಡ್ಯಾರ. ನಮ್ಮಲ್ಲಿ ಈಗ ಒಂಬತ್ತು ಮಂದಿ. ಒಂದು ಕಾಲಕ್ಕ ನಲವತ್ತು ಇದ್ರು, ಖುರ್ಚಿ ಸಾಲದೆ ನನ್ನ ಸ್ಟೂಲ್ ಮ್ಯಾಲೂ ಒಬ್ಬ ಕೂಡ್ತಿದ್ದ. ಸಮಿತಿ ಕೇಳಾಕತ್ತದ: ಈ ಶಾಲೆ ಸರಕಾರದ ಆದೇಶದಿಂದ ಹುಟ್ಟಿದ್ದೋ, ಬಂಡೂರಾವ್ ಸರ್ ತಮ್ಮ ಮನಸಿಗೆ ಬಂದಂಗ ತೆಗೆದದ್ದೋ? ೧೯೯೮ರ ಆದೇಶ ತೋರಿಸಿದ್ರ ಶಾಲೆ ಉಳೀತದ, ಅದರಾಗ ಬರೆದ ಮೂರು ಕಾಯಂ ಹುದ್ದೆನೂ ಉಳೀತಾವ. ಇಲ್ಲಂದ್ರ ಏಪ್ರಿಲ್ ಒಂದಕ್ಕ ರಾಜ್ಯಶಾಸ್ತ್ರದಾಗ ಕಲಸಿಬಿಡ್ತಾರ, ಅತಿಥಿ ಉಪನ್ಯಾಸಕರು ಮನಿಗೆ. ಮಾರ್ಚ್ ಹದಿನೇಳಕ್ಕ ವಿಚಾರಣೆ.

ಅತಿಥಿ ಅಂದ್ರ ನಮ್ಮ ಗೌತಮಿ. ನನ್ನ ಅಣ್ಣ ಕಪಿಲನ ಮಗಳು. ಅವ ತೀರಿಕೊಂಡ ಮ್ಯಾಲ ನಮ್ಮ ಮನ್ಯಾಗೇ ಬೆಳದಾಕಿ. ಇದೇ ಶಾಲ್ಯಾಗ ಓದಿ, ಇದೇ ಶಾಲ್ಯಾಗ ಪಿಎಚ್‌ಡಿ ಮಾಡಿ, ಏಳು ವರ್ಷದಿಂದ ಅಲ್ಲೇ ಕಲಸಾಕತ್ತಾಳ. ಜೂನ್ ಬಂದ್ರ ಅತಿಥಿ, ಏಪ್ರಿಲ್ ಬಂದ್ರ ಮನಿಯಾಕಿ. ಕಾಯಂ ಹುದ್ದೆ ಒಂದು ತುಂಬಿದ್ರೂ ಅದು ಆಕೀದೇ ಅಂತ ಎಲ್ಲಾರಿಗೂ ಗೊತ್ತದ.

ದಾಖಲೆ ವಿಭಾಗದ ನೂರಜಹಾನ್ ಮೇಡಂ ಕೇಳಿದ್ರು: "ಅಂಬಣ್ಣ ಭಾಯ್, ೨೦೧೧ರಾಗ ಶಾಲೆ ಐವಾನ್-ಎ-ಶಾಹಿ ಓಣಿಯ ಬಾಡಿಗಿ ಮನಿಯಿಂದ ಇಲ್ಲಿಗೆ ಬಂತು. ಅಲ್ಮಾರಿ ಖಾಲಿ ಬಂದದ. ಫೈಲ್ ಎಲ್ಲಿ ಹ್ವಾದ್ವು?"

"ಇಲಿ ರೀ ಮೇಡಂ."

"ಕಬ್ಬಿಣದ ಅಲ್ಮಾರ್ಯಾಗ?"

"ಆಗಿನ ಇಲಿ ನೀವು ನೋಡಿಲ್ಲ."

ಎಲ್ಲಾರೂ ನಕ್ರು. ಧೀರೇಂದ್ರ ಸರ್ ನಗಲಿಲ್ಲ. "ನಾವು ಆದೇಶದ ನಂಬರ್ ಕೊಟ್ರ ಬೆಂಗಳೂರಿನ ಸಚಿವಾಲಯದವರು ಹುಡುಕ್ತೀವಿ ಅಂತಾರ. ನಂಬರ್ ನೆನಪದ ಏನು?"

ನೆನಪಿಲ್ಲ ಅಂತ ಹ್ಯಾಂಗ ಅನ್ಲಿ? ಸಂಸ್ಥಾಪಕ ನಾ. "೨೧೩" ಅಂದೆ, ಥಟ್ ಅಂತ. ಬರಕೊಂಡ್ರು.

ಇತಿ, ಅಂಬಣ್ಣ, ಸಂಸ್ಥಾಪಕ ಸದಸ್ಯ.

೧೭ ಜನವರಿ

ಇತಿಹಾಸ ಬರಕೊಳ್ಳಾಕ ಗೌತಮಿ ಲ್ಯಾಪ್‌ಟಾಪ್ ತೆಗೆದು ಎದುರು ಕುಂತ್ಲು. "ಹೇಳ್ರಿ ಕಾಕಾ, ಮೊದಲ ದಿನ."

ಹೇಳಿದೆ. ೧೯೯೮, ಜುಲೈ. ಎರಡು ಖೋಲಿ, ಹನ್ನೆರಡು ಖುರ್ಚಿ, ಒಂದು ಅಲ್ಮಾರಿ, ನಾಲ್ಕು ವಿದ್ಯಾರ್ಥಿ, ಬಂಡೂರಾವ್ ಸರ್, ನಾನು. ಬಾಗಿಲ ಮ್ಯಾಲ ಪಾಟಿ: ಸಾರ್ವಜನಿಕ ನೀತಿ ಶಾಲೆ. ಎರಡನೇ ದಿನ ಓಣಿಯಾಕಿ ಒಬ್ಬಾಕಿ ಕುಡುಕ ಗಂಡನ್ನ ರಟ್ಟಿ ಹಿಡಿದು ಎಳಕೊಂಡು ಬಂದ್ಲು. "ಇಲ್ಲಿ ನೀತಿ ಕಲಸ್ತಾರಂತಲ್ರಿ, ಇವಂಗ ಒಂದೀಟು ಕಲಸ್ರಿ" ಅಂದ್ಲು. ನನಗ ತಡಿಲಿಲ್ಲ, ಅವನ್ನ ಹಿಂದಿನ ಖುರ್ಚಿ ಮ್ಯಾಲ ಕೂಡ್ರಿಸಿದೆ.

"ಕಾಕಾ!"

"ಕೇಳವ್ವಾ. ಸರ್ ಒಳಗ ಬಂದ್ರು, ಅವನ್ನ ನೋಡಿದ್ರು, ನನ್ನ ನೋಡಿದ್ರು. ಸಿಟ್ಟಾಗಲಿಲ್ಲ. ಅವಂಗೇ ಕೇಳಿದ್ರು: ನೀವು ಕುಡಿಯೋ ಅಂಗಡಿ ಎಲ್ಲ್ಯದ? ಎಷ್ಟಕ್ಕ ತೆಗೀತಾರ? ಸಾಲಿ ಬಾಜೂಕ ಯಾಕದ? ಅಲ್ಲಿ ಇಡಾಕ ಪರವಾನಗಿ ಯಾರು ಕೊಟ್ರು? ಅವ ಒಂದೊಂದು ಹೇಳ್ತಾ ಹ್ವಾದ, ಸರ್ ಬೋರ್ಡ್ ಮ್ಯಾಲ ಬರೀತಾ ಹ್ವಾದ್ರು. ಪಿರಿಯಡ್ ಮುಗಿಯೋದ್ರಾಗ ಬೋರ್ಡ್ ತುಂಬಿತ್ತು. ಅದೇ ಈ ಶಾಲೆಯ ಮೊದಲನೇ ಪಾಠ."

ಗೌತಮಿ ಬೆರಳು ನಿಂತ್ವು. "ಇದು ಖರೇನಾ?"

"ಅದು ಖರೇ."

"ಮಂತ್ರಿಗಳು ನಿಮ್ಮ ಸೈಕಲ್ ಕ್ಯಾರಿಯರ್ ಮ್ಯಾಲ ಕುಂತು ಉದ್ಘಾಟನಕ್ಕ ಬಂದಿದ್ದು?"

"ಅದು ಬರೀಬ್ಯಾಡ. ಸುರಕ್ಷತಾ ವಿಷಯ."

ಆಮ್ಯಾಲ ಕಮಲಾಪುರದ್ದು ಹೇಳಿದೆ. ಮೊದಲ ಬ್ಯಾಚಿನವರು ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಎರಡು ದಿನ ನಿಂತು, ಬಸ್ಸಿಗೆ ಕಾಯೋ ಹೆಣ್ಮಕ್ಕಳು ಎಷ್ಟು ತಾಸು ನೀರು ಕುಡೀದೆ ಇರ್ತಾರ ಅಂತ ಕೇಳಿ ಬರೆದ್ರು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ನಾ ನಮ್ಮವ್ವನ್ನ ಕರ್ಕೊಂಡು ಬಂದೆ. ಆಕಿ ಮಾತಾಡಿದ್ಲು, ಆಮ್ಯಾಲ ಎಲ್ಲಾರೂ ಮಾತಾಡಿದ್ರು. ಎರಡು ವರ್ಷಕ್ಕ ಅಲ್ಲಿ ಹೆಂಗಸರ ಶೌಚಾಲಯ ಆಯ್ತು.

"ಅಜ್ಜಿ ಹೆಸರು ಆ ವರದಿಯಾಗ ಇತ್ತಾ ಕಾಕಾ?"

"ಇತ್ತಂತ. ನಾ ಓದಿಲ್ಲ."

"ಆ ವರದಿ ಸಿಕ್ಕಿದ್ರ..." ಅಂದು ಲ್ಯಾಪ್‌ಟಾಪ್ ಮುಚ್ಚಿದ್ಲು.

ನಾ ಚಾ ಮಾಡು ಅಂತ ಶೇವಂತಾಗ ಒದರಿದೆ.

ಇತಿ, ಅಂಬಣ್ಣ, ಸಂಸ್ಥಾಪಕ.

೨೮ ಜನವರಿ

ಬೆಂಗಳೂರಿನಿಂದ ಉತ್ತರ ಬಂದದ. ೧೯೯೮ರ ೨೧೩ನೇ ಆದೇಶ ಕುರಿ ಉಣ್ಣೆ ಸಂಘದ ಗೋದಾಮಿನದಂತ.

ಮೂರು ವಾರ ಹಾಳಾಯ್ತು. ಧೀರೇಂದ್ರ ಸರ್ ಬೈಯಲಿಲ್ಲ. "ಇನ್ನ ಬಾಯಿಂದ ಹೇಳಬ್ಯಾಡ ಅಂಬಣ್ಣ. ಎಲ್ಲ್ಯರೆ ಬರದದ್ದು ಇದ್ರ ತಾ" ಅಂದ್ರು.

ಗೌತಮಿ ಸಂಜಿಮುಂದ ಬಂದು ಚಪ್ಪಲಿ ಸೈತ ಬಿಡದೆ ಬಾಗಿಲಾಗ ಕುಂತ್ಲು. "ಕುರಿ ಉಣ್ಣೆದಾಗೂ ಒಂದು ಹುದ್ದೆ ಕೇಳೂಣೇನು?" ಅಂದೆ, ನಗಸಾಕ. ಆಕಿ ನನ್ನ ನೋಡಿದ್ಲು. ಕಪಿಲಣ್ಣ ಹಂಗೇ ನೋಡ್ತಿದ್ದ.

ಈ ಡೈರಿ ಯಾರೂ ಓದಂಗಿಲ್ಲ, ಆದ್ದರಿಂದ ಬರೀತೀನಿ. ಇಲಿ ಇದ್ದಿಲ್ಲ.

೨೦೧೧ರಾಗ ಬಂಡೂರಾವ್ ಸರ್ ಅವರ ಕೊನೇ ದಿನ. ಮರುದಿನ ಸಾಮಾನು ಹೊಸ ಕಟ್ಟಡಕ್ಕ ಹೋಗೋದಿತ್ತು. ಸರ್ ಅವರಿಗೆ ಜ್ವರ. ನನ್ನ ಕೈಯಾಗ ಒಂದು ಚೀಟಿ ಕೊಟ್ಟು ಹೋಗಿಬಿಟ್ರು. ಆ ಚೀಟಿ ಇನ್ನೂ ನನ್ನ ತಗಡಿನ ಪೆಟ್ಟಿಗ್ಯಾಗ ಅದ: "ಅಂಬಣ್ಣ, ಅಲ್ಮಾರಿಯಲ್ಲಿರುವ ಎಲ್ಲ ಕಡತಗಳನ್ನು ನಾಳೆಯೊಳಗೆ ವಿಲೇವಾರಿ ಮಾಡುವುದು." ಕೆಳಗ ಸಹಿ.

ವಿಲೇವಾರಿ ನನಗ ಗೊತ್ತಿಲ್ಲೇನು? ನಗರಪಾಲಿಕೆ ಲಾರಿ ದಿನಾ ಮುಂಜಾನಿ ಓಣಿಗೆ ಬರ್ತಿತ್ತು, ಮ್ಯಾಲ ಇಷ್ಟಿಷ್ಟು ದಪ್ಪ ಅಕ್ಷರ: ಕಸ ವಿಲೇವಾರಿ ವಾಹನ. ಆಫೀಸಿನ್ಯಾಗ ಬ್ಯಾರೆ ಯಾರೂ ಆ ಶಬ್ದ ಆಡ್ತಿದ್ದಿಲ್ಲ, ಸರ್ ಒಬ್ಬರೇ ಅಂಥ ಕನ್ನಡ. ನನಗೂ ಅನಿಸಿತ್ತು, ಇಷ್ಟು ಕಾಗದ ಒಗೀಬೇಕಾ ಅಂತ. ಆದ್ರ ಸಹಿ ಇತ್ತು. ಟಂಟಂ ಆಟೋದಾಗ ಹೇರಿ ಕಮಲಾಪುರದ ದೌಲಪ್ಪಗ ಕೊಟ್ಟೆ. ಅವ ಕೆಂಪು ಬಾಳೆಹಣ್ಣಿನ ಯಾಪಾರಿ, ಬುಟ್ಟಿಗೆ ಹಾಸಾಕ ಕಾಗದ ಬೇಕಾಗಿತ್ತು.

ನಾ ಸಾಹೇಬರು ಹೇಳಿದ್ದು ಮಾಡೀನಿ. ನನ್ನ ಮನಸಿಗೆ ಏನೂ ಇಲ್ಲ.

ಇತಿ, ಅಂಬಣ್ಣ, ಆಜ್ಞಾಪಾಲಕ.

೩ ಫೆಬ್ರವರಿ

ಮುಂಜಾನಿ ಗೌತಮಿ ರೊಟ್ಟಿ ಮುರಕೋತ ಕುಂತು ಶೇವಂತಾಗ ಹೇಳಾಕತ್ತಿದ್ಲು: "ಡಿಸೆಂಬರ್‌ದಾಗೇ ಅರ್ಜಿ ಕೊಟ್ಟೀನಿ ಕಾಕಿ, ನನ್ನ ಸೇವಾ ಪ್ರಮಾಣಪತ್ರಕ್ಕ. ಇನ್ನೂ ವಿಲೇವಾರಿ ಆಗಿಲ್ಲ."

"ನಿನ್ನ ಅರ್ಜಿ ಯಾಕ ಒಗೀಬೇಕು ಅವರು?" ಅಂದೆ ನಾ.

ಗೌತಮಿ ಎಷ್ಟು ದಿನದ ಮ್ಯಾಲ ನಕ್ಕಳು! "ಅಯ್ಯ ಕಾಕಾ. ವಿಲೇವಾರಿ ಅಂದ್ರ ಒಗ್ಯೂದಲ್ಲ. ಕಾಗದದ ಕೆಲಸ ಮುಗಿಸಿ ಅದು ಸೇರಬೇಕಾದ ಕಡೆ ಸೇರಸೂದು. ಕಡತ ವಿಲೇವಾರಿ ಅಂದ್ರ ನೋಡಿ, ಸಹಿ ಮಾಡಿ, ದಾಖಲೆ ವಿಭಾಗಕ್ಕ ಕಳಸೂದು. ಕಸದ್ದೂ ಅದೇ, ಕಸ ಸೇರೋ ಕಡೆ ಸೇರಸ್ತಾರ."

"ಹಂಗೇನು?" ಅಂದೆ.

"ಇಪ್ಪತ್ಮೂರು ವರ್ಷ ಆಫೀಸಿನ್ಯಾಗ ಇದ್ದು ಇಷ್ಟು ಗೊತ್ತಿಲ್ಲ ನಿಮಗ," ಅಂದು ಕೈ ತೊಳಕೊಂಡು ಬಸ್ಸಿಗೆ ಓಡಿದ್ಲು. ಇನ್ನೂ ನಗಾಕತ್ತಿದ್ಲು.

೪ ಫೆಬ್ರವರಿ

ದಾಖಲೆ ವಿಭಾಗಕ್ಕ ಕಳಸೂದು.

೧೧ ಫೆಬ್ರವರಿ

ಒಂದು ವಾರ ಏನೂ ಬರದಿಲ್ಲ. ಹೊಟ್ಟಿ ಸರಿ ಇಲ್ಲ ಅಂತ ಶೇವಂತಾಗ ಹೇಳೀನಿ.

ಇವತ್ತು ಐವಾನ್-ಎ-ಶಾಹಿಗೆ ಹೋದೆ. ಬಂಡೂರಾವ್ ಸರ್ ತೀರಿಕೊಂಡು ಆರು ವರ್ಷ ಆಯ್ತು. ಅವರ ಮನಿಯವರು ಸಕ್ಕೂಬಾಯಿ ಅಲ್ಲೇ ಇರ್ತಾರ, ಎಂಬತ್ತು ದಾಟ್ಯದ. ಸರ್ ತಮ್ಮ ಬಲ್ಲಿ ಯಾವುದರ ನಕಲು ಇಟ್ಟಿದ್ರೇನೋ ಅಂತ ಕೇಳಾಕ. ಹಂಗಂತ ಮನಿಯಿಂದ ಹೊಂಟಿದ್ದೆ. ಚೀಟಿನೂ ಕಿಸೆದಾಗ ಇತ್ತು.

"ಯಾ ಅಂಬಣ್ಣ, ಬಸಾ," ಅಂದು ಕರದು ಕೂಡ್ರಿಸಿದ್ರು. ಅರ್ಧ ಮರಾಠಿ, ಅರ್ಧ ಕನ್ನಡ, ಮೊದಲಿನಿಂದಲೂ ಹಂಗೇ. ಅವಲಕ್ಕಿ ಕೊಟ್ರು.

ನಕಲು ಅಂದ್ರ ಇಲ್ಲ ಅಂದ್ರು. "ಮನಿಗೆ ಒಂದು ಕಾಗದ ತರ್ತಿದ್ದಿಲ್ಲ ಅವರು. ನಾ ಬೈತಿದ್ದೆ, ನಿಮ್ಮ ಹೆಸರಿನ್ಯಾಗ ಏನೂ ಉಳೀಂಗಿಲ್ಲ ನೋಡ್ರಿ ಅಂತ. ಅವರು ಅಂತಿದ್ರು, ಅಂಬಣ್ಣ ಇದ್ದಾನಲ್ಲ, ಒಂದು ಹಾಳಿ ಆಚೀಚೆ ಆಗೂದಿಲ್ಲ."

ಅವಲಕ್ಕಿ ತಾಟು ಕೆಳಗಿಟ್ಟೆ.

ಏನ್ ತಿಳೀತೋ, ಚೀಟಿ ತೆಗೆದು ಅವರ ಕೈಯಾಗ ಇಟ್ಟೆ. ಕನ್ನಡಕ ಹಾಕ್ಕೊಂಡು ಓದಿದ್ರು. ಏನು ಬರದದ ಅನ್ನೋದರ ಕಡೆ ಅವರ ಲಕ್ಷ ಇದ್ದಿಲ್ಲ. ಅಕ್ಷರದ ಮ್ಯಾಲ ಬೆರಳಾಡಿಸಿದ್ರು. "ಬಘ, ನೋಡು, ಜ್ವರದಾಗೂ ಎಷ್ಟು ದುಂಡಗ ಬರದಾರ. ಆ ದಿನ ಮನಿಗೆ ಬಂದವರು ಎರಡು ವಾರ ಹಾಸಿಗಿ ಬಿಟ್ಟಿಲ್ಲ. ಎದ್ದ ಮ್ಯಾಲ ಮೊದಲು ಕೇಳಿದ್ದೇನು ಗೊತ್ತದೇನು? ಅಂಬಣ್ಣ ಕಡತ ಮುಟ್ಟಿಸ್ಯಾನಾ ಅಂತ. ನೀ ಬಂದು ಹೂಂ ಅಂದಿದ್ದಿ."

ಹೂಂ ಅಂದಿದ್ದೆ. ನೆನಪದ. ವಿಲೇವಾರಿ ಆಯ್ತ್ರಿ ಸರ್ ಅಂದಿದ್ದೆ. ಶಾಬಾಸ್ ಅಂದಿದ್ರು. ಆ ಶಾಬಾಸ್ ಹದಿನಾಲ್ಕು ವರ್ಷ ಊರೆಲ್ಲ ಹೇಳಿಕೊಂಡು ತಿರಿಗೀನಿ.

ಸಕ್ಕೂಬಾಯಿ ಚೀಟಿ ವಾಪಸ್ ಕೊಟ್ರು. ಕೊಡೋ ಮುಂದ ಅವರ ಕೈ ಒಂದೀಟು ತಡೀತು.

೨೦ ಫೆಬ್ರವರಿ

ಕಮಲಾಪುರಕ್ಕ ಹೋಗಿದ್ದೆ. ಬಸ್ಸಿನ್ಯಾಗ ಬಾಜೂಕ ಕುಂತವ "ನೀವು ಏನ್ ಕೆಲಸಾ ಮಾಡ್ತಿದ್ರಿ ಯಜಮಾನ್ರೆ?" ಅಂದ. ಬ್ಯಾರೆ ದಿನ ಆಗಿದ್ರ ಅವಂಗ ಇಳಿಯೋ ತನಕ ಬಿಡ್ತಿದ್ದಿಲ್ಲ. "ಜವಾನ ಇದ್ದೆ" ಅಂದು ಕಿಟಕಿ ಕಡೆ ಮಾರಿ ಮಾಡಿದೆ.

ದೌಲಪ್ಪ ಸಂತ್ಯಾಗ ಹಣ್ಣಿನ ರಾಶಿ ಮುಂದ ಕುಂತಿದ್ದ. "ಏ ಅಂಬ್ಯಾ, ಪ್ರೊಫೆಸರ್ ಸಾಹೇಬ! ಬಾ, ತಿನ್ನು."

"ದೌಲ್ಯಾ, ಆಗ ಕೊಟ್ಟ ಕಾಗದದಾಗ ಒಂದರೆ ಉಳದದ ಏನು? ಮೂಲ್ಯಾಗ, ಅಟ್ಟದ ಮ್ಯಾಲ, ಎಲ್ಲ್ಯರೆ?"

ಅವ ಮೊದಲು ನಕ್ಕ. "ನಿಮ್ಮ ನೀತಿ ಹಣ್ಣಿನ ಬುಡಕ್ಕ ಕುಂತು ಹೈದರಾಬಾದ ತನಕ ಹೋಗ್ಯದ. ಎಷ್ಟು ಛಂದ ಕಾಗದ ಅವು, ದಪ್ಪ, ಒಂದು ಹಣ್ಣು ಕಪ್ಪಾಗಲಿಲ್ಲ." ಆಮ್ಯಾಲ ನನ್ನ ಮಾರಿ ನೋಡಿ ನಗೂದು ಬಿಟ್ಟ. ಅಂಗಡಿ ಸೊಸಿಗೆ ಬಿಟ್ಟು ಮನಿಗೆ ಕರ್ಕೊಂಡು ಹೋದ. ಇಬ್ಬರೂ ಅಟ್ಟ ಹತ್ತಿ ಹುಡುಕಿದೆವು. ಖಾಲಿ ಬುಟ್ಟಿ, ಹಗ್ಗ, ಒಣಗಿದ ಬಾಳಿಎಲಿ. ಒಂದು ಬುಟ್ಟಿ ತಳಕ್ಕ ಹಾಳಿ ಅಂಟಿತ್ತು. ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡದೆ. ಪಂಚಾಂಗದ ಹಾಳಿ.

ಬಸ್ ಸ್ಟ್ಯಾಂಡ್ ತನಕ ಬಿಡಾಕ ಬಂದ. ಹೆಂಗಸರ ಶೌಚಾಲಯದ ಮುಂದ ಇಬ್ಬರೂ ನಿಂತೆವು. ಅದು ನಮ್ಮವ್ವ ಮಾತಾಡಿದ್ದಕ್ಕ ಆದದ್ದು ಅಂತ ಅಲ್ಲಿ ಯಾವ ಗ್ವಾಡಿ ಮ್ಯಾಲೂ ಇಲ್ಲ. ಬರೆದಿದ್ದ ಕಾಗದ ನಾನೇ ಬಾಳೆಹಣ್ಣಿಗೆ ಹಾಸೀನಿ.

ಬಸ್ ಬಂತು. ದೌಲಪ್ಪ ಕಿಟಕಿ ಹಂತ್ಯಾಕ ಬಂದು ಅಂದ: "ಬರದದ್ದೇ ಬೇಕಂದ್ರ ಆ ಖುರ್ಚಿ ಏನು ಮಾಡಿದಿ? ಆ ದಿನ ಕಾಗದದ ಮ್ಯಾಲ ಬುಡಮ್ಯಾಲ ಮಾಡಿ ಹೇರಿಕೊಂಡು ಬಂದಿದ್ದಿಯಲ್ಲ. ಕೆಳಗ ಬಿಳಿ ಬಣ್ಣದಾಗ ಏನೇನೋ ಬರದಿತ್ತು. 'ಖುರ್ಚಿಗೂ ಜಾತಕಾ ಬರದಾರ' ಅಂತ ನಾವೆಲ್ಲ ನಕ್ಕಿದ್ದೆವು."

೨೦ ಫೆಬ್ರವರಿ, ಸಂಜಿ

ಮನಿಗೆ ಬಂದವ ಖುರ್ಚಿ ಬುಡಮ್ಯಾಲ ಮಾಡಿದೆ. ಕೆಳಗಿನ ಹಲಗಿಗೆ ಧೂಳು, ಜ್ಯಾಡ. ಹಸಿ ಬಟ್ಟಿಲೆ ಒರಿಸಿದೆ.

ಸಾ.ನೀ.ಶಾ. ಖುರ್ಚಿ ೯/೧೨. ಸ.ಆ. ೧೪೭/೯೮, ದಿ. ೨-೭-೯೮ರನ್ವಯ.

ನನ್ನ ಅಕ್ಷರ. ಬಂಡೂರಾವ್ ಸರ್ ಹೇಳಿ ಬರೆಸಿದ್ರು. "ಸರಕಾರಿ ಸಾಮಾನಿನ ಮ್ಯಾಲ ಅದು ಯಾವ ಆದೇಶದಿಂದ ಬಂತು ಅಂತ ಇರಬೇಕು ಅಂಬಣ್ಣ, ನಾಳೆ ಯಾರರೆ ಕೇಳಿದ್ರ?" ಹನ್ನೆರಡು ಖುರ್ಚಿ ಬರೆದು ಕೈ ನೊಂದಿತ್ತು. ಅದನ್ನ ಮರತು ಅದರ ಮ್ಯಾಲೇ ಕುಂತು ಹದಿನಾಲ್ಕು ವರ್ಷ ಬಡಾಯಿ ಹೊಡದೀನಿ. ಈ ಡೈರಿನೂ ಅದರ ಮ್ಯಾಲೇ ಕುಂತು ಬರದೀನಿ.

ಉಳದ ಹನ್ನೊಂದು ಮುರದು ಹರಾಜಾಗಿ ಹ್ವಾದ್ವು. ಇದೊಂದೇ ಉಳದದ.

ಉಳದದ್ದು ಹ್ಯಾಂಗ ಅಂದ್ರ, ಬಂಡೂರಾವ್ ಸರ್ ಇದನ್ನ ನನಗ ಕೊಟ್ಟಿದ್ದಿಲ್ಲ.

೨ ಮಾರ್ಚ್

ಹತ್ತು ದಿನ ಖುರ್ಚಿ ಮ್ಯಾಲ ಕುಂತಿಲ್ಲ. ಶೇವಂತಾ ಕೇಳಿದ್ಲು, ಬೆನ್ನು ನೋವು ಅಂದೆ.

ಇವತ್ತು ಧೀರೇಂದ್ರ ಸರ್‌ಗೆ ಫೋನ್ ಹಚ್ಚಿದೆ. ನಂಬರಷ್ಟೇ ಹೇಳಿಬಿಡೂಣ, ಖುರ್ಚಿ ಸುದ್ದಿ ಯಾಕ ಅಂತ. "ಸರ್, ನಂಬರ್ ನೆನಪಾಯ್ತು. ೧೪೭."

"ಅಂಬಣ್ಣ, ಮೊದಲು ಇಲಿ ಅಂದಿ. ಆಮ್ಯಾಲ ಕುರಿ ಉಣ್ಣೆ. ಈಗ ಇದು. ನಿನ್ನ ಮಾತು ನಂಬಿ ಇನ್ನೊಂದು ಪತ್ರ ನಾ ಯಾವ ಮಾರಿಲೆ ಬರೀಲಿ? ಬರದದ್ದು ಅದ ಏನು ನಿನ್ನ ಬಲ್ಲಿ?"

"ಇಲ್ರಿ" ಅಂದೆ. ಬಾಯಿಗೆ ಅದೇ ಬಂತು. ಒಂದು ಸಲ ಖರೇ ಹೇಳಿದ್ರ ಅದನ್ನ ಯಾರೂ ತಗೊಳ್ಳವಲ್ರು.

ಶೇವಂತಾ ಬಾಗಿಲಾಗ ನಿಂತು ಎಲ್ಲಾ ಕೇಳ್ಯಾಳ. ಆಕೀಗೆ ಎಲ್ಲಾ ಹೇಳಿಬಿಟ್ಟೆ. ಕಾಗದ, ಬಾಳೆಹಣ್ಣು, ಖುರ್ಚಿ. ಆಕಿ ಆ ಖುರ್ಚಿಗೆ ಪ್ರತಿ ವರ್ಷ ಎಣ್ಣಿ ಹಚ್ಚಿ ಒರಿಸಿದಾಕಿ.

ಎಲ್ಲಾ ಕೇಳಿ ಅಂದ್ಲು: "ಸರ್ ಅವರ ಚೀಟಿ ಅದಲ್ರಿ. ಖುರ್ಚಿ ಒಯ್ದು ಕೊಡ್ರಿ, ಚೀಟಿನೂ ಕೊಡ್ರಿ. ಸಾಹೇಬರು ಬರಕೊಟ್ಟಂಗ ಮಾಡೀನಿ, ಖುರ್ಚಿನೂ ಅವರೇ ಕೊಟ್ರು ಅನ್ರಿ. ಸತ್ತವರಿಗೆ ಯಾವ ನೋಟೀಸ್ ಬರ್ತದ?"

ಖರೇ ಅದ. ಅವರಿಗೆ ನೋಟೀಸ್ ಬರಂಗಿಲ್ಲ. ನನಗ ಪೆನ್ಶನ್ ಅದ.

೯ ಮಾರ್ಚ್

ಗೌತಮಿ ಶಾಲೆಯಿಂದ ತನ್ನ ಪುಸ್ತಕ ಎಲ್ಲಾ ಎರಡು ಚೀಲದಾಗ ತುಂಬಿಕೊಂಡು ಬಂದಾಳ. ಸೇಡಂ ರಸ್ತೆದಾಗ ಯಾವುದೋ ಕೋಚಿಂಗ್ ಸೆಂಟರ್‌ಗೆ ಹೋಗಿ ಕೇಳ್ಯಾಳಂತ. ಪುಸ್ತಕ ಇಡಾಕ ಜಾಗ ಇಲ್ಲಂತ ಖುರ್ಚಿ ಮ್ಯಾಲ ಇಟ್ಟಳು.

"ಇತಿಹಾಸ ಎರಡು ಪುಟ ಆಗ್ಯದ ಕಾಕಾ," ಅಂದ್ಲು. "ಯಾರಿಗೆ ಓದಿಸ್ಲಿ?"

೧೩ ಮಾರ್ಚ್

ಐವಾನ್-ಎ-ಶಾಹಿಗೆ ಹೋಗಿ ಬಂದೆ. ಒಂದು ಕೆಲಸ ಬಾಕಿ ಇತ್ತು.

೧೭ ಮಾರ್ಚ್

ಖುರ್ಚಿಗೆ ಹಗ್ಗ ಕಟ್ಟಿ ಟಂಟಂ ಮ್ಯಾಲ ಹೇರಿದೆ. ಬುಡಮ್ಯಾಲ ಮಾಡಿ. ಹೋದ ಸಲದಂಗೇ. ಗೇಟಿನ ವಾಚ್‌ಮನ್ ಮತ್ತ ಸಲಾಮ್ ಹೊಡದ. "ಬ್ಯಾಡಪಾ, ನಾ ಸಂಸ್ಥಾಪಕ ಅಲ್ಲ, ಅಟೆಂಡರ್" ಅಂದೆ. ಅವ ಏನೂ ತಿಳೀದೆ ಮತ್ತೊಂದು ಸಲ ಹೊಡದ.

ಸಮಿತಿಯವರು ಮೂರು ಮಂದಿ. ನಡುವ ಅಧ್ಯಕ್ಷರು, ಅಣವೀರಪ್ಪ ಅಂತ. ಅವರ ಎದುರು ಧೀರೇಂದ್ರ ಸರ್, ನೂರಜಹಾನ್ ಮೇಡಂ. ಹಿಂದಿನ ಸಾಲಿನ್ಯಾಗ ಗೌತಮಿ, ಆಕಿ ಹಿಂದ ಒಂಬತ್ತು ಹುಡುಗರು.

ನಾ ಖುರ್ಚಿ ಎತ್ತಿಕೊಂಡು ಒಳಗ ಹೋದೆ.

"ಏನ್ರೀ ಇದು? ಇಲ್ಲಿ ಖುರ್ಚಿಗೇನು ಕಮ್ಮಿ?" ಅಂದ್ರು ಅಧ್ಯಕ್ಷರು.

"ಇದು ಕೂಡ್ರಾಕ ಅಲ್ರಿ ಸರ್. ಓದಾಕ."

ಮೇಜಿನ ಮ್ಯಾಲ ಬುಡಮ್ಯಾಲ ಮಾಡಿ ಇಟ್ಟೆ. ನೂರಜಹಾನ್ ಮೇಡಂ ಮೊದಲು ಎದ್ದು ಬಂದ್ರು, ಮೊಬೈಲಿನ ಬೆಳಕು ಹಾಕಿ ಓದಿದ್ರು. "ನೂರ ನಲವತ್ತೇಳು, ತೊಂಬತ್ತೆಂಟು" ಅಂದ್ರು. ಆಮ್ಯಾಲ ಮೆಲ್ಲಗ "ಯಾ ಅಲ್ಲಾ" ಅಂದ್ರು.

"ಯಾರ ಅಕ್ಷರ?"

"ನಂದು. ಬಂಡೂರಾವ್ ಸರ್ ಹೇಳಿದ್ರು, ನಾ ಬರದೆ. ಮೊದಲ ವಾರದಾಗ."

"ಸರಕಾರಿ ಖುರ್ಚಿ ನಿಮ್ಮ ಮನಿಗೆ ಹ್ಯಾಂಗ ಬಂತು?"

ಟಂಟಂನ್ಯಾಗ ಬರೋ ಮುಂದ ನಾಲ್ಕೈದು ಶಬ್ದ ನೋಡಿಕೊಂಡಿದ್ದೆ. ಕಾಪಾಡಿದೆ. ಜೋಪಾನ ಮಾಡಿದೆ. ಸಾಹೇಬರು ಗೌರವಕ್ಕ ಕೊಟ್ರು. ಬಾಯಿ ತೆಗೆದಾಗ ಬಂದದ್ದು ಒಂದೇ: "ಕದ್ದೆ ರೀ."

ಗೌತಮಿ ಕಡೆ ನೋಡಲಿಲ್ಲ.

"ಮತ್ತ ಕಡತ?"

"ಅದನ್ನೂ ನಾನೇ. ಒಗದೆ. ಬಾಳೆಹಣ್ಣಿನ ಬುಟ್ಟಿಗೆ ಹಾಸಾಕ ಕೊಟ್ಟೆ. ಇಲಿ ಅಂದದ್ದು ಸುಳ್ಳು. ೨೧೩ ಅಂದದ್ದೂ ಸುಳ್ಳು."

"ಒಗೀ ಅಂತ ಯಾರು ಹೇಳಿದ್ರು?"

ಧೀರೇಂದ್ರ ಸರ್ ತಲಿ ಎತ್ತಿ ನನ್ನ ನೋಡಿದ್ರು. ಬಂಡೂರಾವ್ ಸರ್ ಅವರ ಗುರುಗಳು.

"ಯಾರೂ ಹೇಳಿಲ್ರಿ. ನನಗ ತಿಳೀಲಿಲ್ಲ. ತಿಳೀಲಿಲ್ಲ ಅಂತ ಕೇಳೋದೂ ನನಗ ಗೊತ್ತಿದ್ದಿಲ್ಲ."

ಅಧ್ಯಕ್ಷರು ಬರಕೊಂಡ್ರು. ಖುರ್ಚಿಯ ಫೋಟೋ ತೆಗೆದ್ರು, ಚೀಟಿ ಅಂಟಿಸಿದ್ರು, ಅಲ್ಲೇ ಇಟ್ಟುಕೊಂಡ್ರು. ನೂರ ನಲವತ್ತೇಳು ಹುಡುಕಾಕ ಹದಿನೈದು ದಿನ ಕೊಟ್ಟಾರ. ನನ್ನ ಮ್ಯಾಲಿನ ನೋಟೀಸ್ ಬ್ಯಾರೆ ಬರ್ತದಂತ.

ಹೊರಗ ಗೌತಮಿ ನನ್ನ ಬಾಜೂಕ ಹಾದು ಹೋದ್ಲು. ನಾ ಬಸ್ಸಿಗೆ ಬಂದೆ.

ನೆಲದ ಮ್ಯಾಲ ಕುಂತು ಬರಿಯಾಕತ್ತೀನಿ. ಅಕ್ಷರ ಸೊಟ್ಟ ಬರಾಕತ್ತಾವ.

೨೪ ಮಾರ್ಚ್

ಗೌತಮಿ ಏಳು ದಿನದಿಂದ ಮಾತಾಡಿಲ್ಲ. ಊಟದ ತಾಟು ಮುಂದ ಇಟ್ಟು ಹೋಗ್ತಾಳ. ಬೈದ್ರ ಛಲೋ ಇತ್ತು.

ಬೆಂಗಳೂರಿನಿಂದ ಏನೂ ಇಲ್ಲ.

೨೯ ಮಾರ್ಚ್

ಏನೂ ಇಲ್ಲ. ಇನ್ನ ಎರಡು ದಿನ.

೨ ಏಪ್ರಿಲ್

ನಿನ್ನಿ ಬರೀಬೇಕಾಗಿತ್ತು, ಕೈ ಬರಲಿಲ್ಲ.

ಮೊನ್ನಿ ಮಧ್ಯಾಹ್ನ ನೂರಜಹಾನ್ ಮೇಡಂ ಫೋನ್: "ಸಿಕ್ತು ಭಾಯ್! ಅಸಲಿ ಆದೇಶ, ಮೊಹರು ಸೈತ. ಪ್ರಾಧ್ಯಾಪಕ ಒಂದು, ಉಪನ್ಯಾಸಕ ಎರಡು. ಕೆಳಗ ಇನ್ನೊಂದು ಸಾಲು: ಅಟೆಂಡರ್, ಒಂದು." ನನ್ನ ಹೆಸರಿಲ್ಲ. ಅಟೆಂಡರ್, ಒಂದು. ಅಷ್ಟೇ ಬರದದ.

ಶಾಲೆ ಉಳೀತು. ಹುದ್ದೆಗೆ ಅರ್ಜಿ ಕರೀತಾರಂತ, ಗೌತಮಿ ಹಾಕಬೇಕು, ಸಂದರ್ಶನ ಆಗಬೇಕು. ಏನಾಗ್ತದೋ ಗೊತ್ತಿಲ್ಲ. ನನಗ ನೋಟೀಸ್ ಬಂದದ, ಉತ್ತರ ಕೊಡಬೇಕು.

ಇವತ್ತು ಮುಂಜಾನಿ ಗೌತಮಿ ಬಂದು ನನ್ನ ಎದುರು ನೆಲದ ಮ್ಯಾಲ ಕುಂತ್ಲು. ಇತಿಹಾಸದ ಎರಡು ಪುಟ ಮುಂದ ಇಟ್ಟಳು. "ತಪ್ಪಿದ್ರ ತಿದ್ರಿ."

ಓದಿದೆ. ಕುಡುಕನ ಪಾಠ ಇತ್ತು. ಕಮಲಾಪುರದ ಬಸ್ ಸ್ಟ್ಯಾಂಡ್ ಇತ್ತು, ನಮ್ಮವ್ವನ ಹೆಸರೂ ಇತ್ತು. ಎರಡನೇ ಪುಟದಾಗ ಒಂದು ಸಾಲು: ೨೦೧೧ರಲ್ಲಿ ಸ್ಥಳಾಂತರದ ವೇಳೆ ಕಡತಗಳು ಕಳೆದುಹೋದವು.

ಪೆನ್ನು ತಗೊಂಡು 'ಕಳೆದುಹೋದವು' ಹೊಡದು ಹಾಕಿ, ಮ್ಯಾಲ ಬರದೆ: ಕಡತಗಳನ್ನು ಅಟೆಂಡರ್ ಅಂಬಣ್ಣ ಒಗೆದನು.

"ಇಷ್ಟು ಬೇಕಾ ಕಾಕಾ?"

"ಇತಿಹಾಸ ಅಲ್ಲೇನು ಇದು?"

ಆಕಿ ಆ ಸಾಲು ನೋಡಿಕೋತ ಕುಂತ್ಲು. ಆಮ್ಯಾಲ ಅಂದ್ಲು: "ಕಾಕಿ ಎಲ್ಲಾ ಹೇಳಿದ್ಲು. ಸರ್ ಬರೆದ ಚೀಟಿ ಇತ್ತಂತಲ್ಲ ನಿಮ್ಮ ಬಲ್ಲಿ. ತೋರಿಸಿದ್ರ ನಿಮ್ಮ ಮ್ಯಾಲ ಇಷ್ಟು ಬರ್ತಿದ್ದಿಲ್ಲ. ಅಲ್ಲಿ ಯಾಕ ತೆಗೀಲಿಲ್ಲ? ಎಲ್ಲ್ಯದ ಅದು?"

"ಅದು ವಿಲೇವಾರಿ ಆಗ್ಯದ."

ಗೌತಮಿ ಮಾರಿ ಸಣ್ಣದಾಯ್ತು. "ಒಗದ್ರ್ಯಾ ಕಾಕಾ? ಅದನ್ನೂ?"

"ಇಲ್ಲವ್ವಾ. ಸಕ್ಕೂಬಾಯಿಯವರ ಕೈಯಾಗ ಕೊಟ್ಟು ಬಂದೀನಿ."